ಕಾವ್ಯದ ಪಕ್ಕದ ಚಿತ್ರ: ಅಭಿಜಾತ ಸಾಹಿತ್ಯಕ್ಕೆ ಆಧುನಿಕ ಕಲಾವಿದರು ಮಾಡಿದ ಅಚ್ಚುಚಿತ್ರಗಳ ಸಂಗ್ರಹ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ರೋಮಿನ ಓವಿಡ್, ಇಟಲಿಯ ದಾಂತೆ, ಫ್ರಾನ್ಸಿನ ಲಾ ಫೊಂತೇನ್, ರಷ್ಯಾದ ಗೊಗೊಲ್ ಮೊದಲಾದ ಲೇಖಕರ ಕೃತಿಗಳಿಗೆ ಇಪ್ಪತ್ತನೆಯ ಶತಮಾನದ ಕಲಾವಿದರಾದ ಪಿಕಾಸೊ, ಮತೀಸ್, ಶಗಾಲ್, ಡಾಲಿ ಮುಂತಾದವರು ಮಾಡಿಕೊಟ್ಟ ಅಚ್ಚುಚಿತ್ರಗಳನ್ನು ಕೊಳ್ಳಬೇಕೆಂದಿರುವ ಕನ್ನಡ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವ್ಯಾಪಾರಿಯಲ್ಲ. ಸಣ್ಣ ಸಂಬಳದಲ್ಲಿ ನಿಧಾನವಾಗಿ ಕೊಂಡವನು, ಒಂದೆರಡು ಬಾರಿ ಮೋಸವನ್ನೂ ಹೋದವನು.

ಅಚ್ಚುಚಿತ್ರ ಎಂದರೆ ಪೋಸ್ಟರ್ ಅಲ್ಲವೇ? ಅದಕ್ಕೇಕೆ ಅಷ್ಟು ಬೆಲೆ?

ಪೋಸ್ಟರ್ ಎಂಬುದು ಈಗಾಗಲೇ ಇರುವ ಚಿತ್ರವೊಂದರ ಛಾಯಾಪ್ರತಿ. ಅಚ್ಚುಚಿತ್ರದಲ್ಲಿ ಹಾಗೆ ಬೇರೆಲ್ಲೋ ಒಂದು ಮೂಲಚಿತ್ರ ಇರುವುದಿಲ್ಲ. ಕಲಾವಿದ ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ ಆಮ್ಲದಲ್ಲಿ ಅದ್ದಿದರೆ ಎಚ್ಚಿಂಗ್ ಆಗುತ್ತದೆ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು ಅಚ್ಚು ತೆಗೆದರೆ ಲಿಥೋಗ್ರಾಫ್ ಆಗುತ್ತದೆ. ಆ ತಗಡಿನಿಂದಲೋ ಕಲ್ಲಿನಿಂದಲೋ ಕಾಗದಕ್ಕೆ ಇಳಿದದ್ದೇ ಮೂಲಕೃತಿ, ಮತ್ತು ಅಂಥ ಮೂಲಕೃತಿಗಳು ಒಂದಕ್ಕಿಂತ ಹೆಚ್ಚು ಇರುತ್ತವೆ ಅಷ್ಟೆ. ಲಿಥೋಗ್ರಾಫಿಗೆ ನಮ್ಮ ಹಿರಿಯರು ಕಲ್ಲಚ್ಚು ಎಂಬ ಚೆಂದದ ಹೆಸರಿಟ್ಟಿದ್ದರು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ 1843ರಲ್ಲಿ ಬಾಸೆಲ್ ಮಿಶನ್ನಿನವರ ಕೈಯಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿಯೇ. ಆದ್ದರಿಂದ ಈ ವಿದ್ಯೆ ನಮಗೆ ತೀರ ಪರಕೀಯವೇನಲ್ಲ.

ಈ ವ್ಯತ್ಯಾಸ ಕಲಾರಸಿಕರ ಮಡಿವಂತಿಕೆ ಎಂದು ಯಾರಾದರೂ ನಕ್ಕರೆ ಕಸ್ಟಮ್ಸ್ ಸುಂಕಪಟ್ಟಿಯ 9702ನೆಯ ಶೀರ್ಷಿಕೆಯನ್ನು ತೋರಿಸಬಹುದು. ಕಲಾವಿದ ಪೂರ್ತಿಯಾಗಿ ತನ್ನ ಕೈಯಿಂದಲೇ ಸಿದ್ಧಪಡಿಸಿದ ತಗಡಿನಿಂದ ನೇರವಾಗಿ ತೆಗೆದ ಅಚ್ಚು ಮಾತ್ರ ಮೂಲ, ಯಾಂತ್ರಿಕ ಅಥವಾ ಛಾಯಾಯಾಂತ್ರಿಕ ವಿಧಾನದ್ದು ಮೂಲವಲ್ಲ ಎಂದು ಅಲ್ಲಿಯ ಟಿಪ್ಪಣಿ ಹೇಳುತ್ತದೆ. ಕಲಾವಿಮರ್ಶಕರು ಪುಟಗಟ್ಟಲೆ ಬರೆದದ್ದನ್ನು ಸುಂಕದವರು ಒಂದು ವಾಕ್ಯದಲ್ಲಿ ಮುಗಿಸಿದ್ದಾರೆ.

ಆಧುನಿಕ ಕಲಾವಿದರು ಹಳೆಯ ಗ್ರಂಥಗಳಿಗೆ ಏಕೆ ಕೈ ಹಾಕಿದರು?

ಮುಖ್ಯವಾಗಿ ಪ್ರಕಾಶಕರು ಹಾಕಿಸಿದ್ದರಿಂದ. ಪ್ಯಾರಿಸಿನ ಕಲಾವ್ಯಾಪಾರಿ ಆಂಬ್ರ್ವಾಜ್ ವೊಲ್ಲಾರ್‌ಗೆ ಪುಸ್ತಕದ ಹುಚ್ಚು ಇತ್ತು. ವೃತ್ತಿಯಿಂದ ಚಿತ್ರಣಕಾರರಾದವರನ್ನು ಬಿಟ್ಟು ವರ್ಣಚಿತ್ರಕಾರರನ್ನೇ ಕರೆತಂದು, ಒಳ್ಳೆಯ ಕಾಗದದ ಮೇಲೆ, ಕೆಲವೇ ನೂರು ಪ್ರತಿಗಳ ಪುಸ್ತಕಗಳನ್ನು ಅವನು ಮಾಡಿಸಿದನು. ಫ್ರೆಂಚರು ಈ ಬಗೆಯ ಪುಸ್ತಕವನ್ನು ಲಿವ್ರ್ ದಾರ್ತಿಸ್ತ್ ಎನ್ನುತ್ತಾರೆ. ಕಲಾವಿದನ ಪುಸ್ತಕ ಎಂದರೆ ಸಾಕು. ಶಗಾಲ್‌ನಿಂದ ಅವನು ಗೊಗೊಲ್‌ನ ‘ಡೆಡ್ ಸೋಲ್ಸ್’, ಲಾ ಫೊಂತೇನ್‌ನ ನೀತಿಕಥೆಗಳು ಮತ್ತು ಬೈಬಲ್, ಹೀಗೆ ಮೂರು ದೊಡ್ಡ ಕೆಲಸ ಮಾಡಿಸಿದನು. ಆದರೆ 1939ರಲ್ಲಿ ಕಾರು ಅಪಘಾತದಲ್ಲಿ ವೊಲ್ಲಾರ್ ತೀರಿಕೊಂಡಾಗ ಮೂರರಲ್ಲಿ ಒಂದೂ ಪ್ರಕಟವಾಗಿರಲಿಲ್ಲ. ಅವುಗಳನ್ನು ತೆರಿಯಾದ್ ಎಂಬ ಇನ್ನೊಬ್ಬ ಪ್ರಕಾಶಕ ಯುದ್ಧದ ನಂತರ ಕೈಗೆತ್ತಿಕೊಂಡು 1948, 1952 ಮತ್ತು 1956ರಲ್ಲಿ ಹೊರತಂದನು. ತಗಡು ಕೆತ್ತಿದ ವರ್ಷವೂ ಪುಸ್ತಕ ಬಂದ ವರ್ಷವೂ ಇಪ್ಪತ್ತು ವರ್ಷ ದೂರವಿರುವುದನ್ನು ಮಾರಾಟಪಟ್ಟಿಯಲ್ಲಿ ಕಂಡರೆ ಅನುಮಾನಪಡಬೇಡಿ. ಅದಕ್ಕೆ ಕಾರಣ ಇದು.

ಇಂಥ ಕೆಲಸಗಳಿಗೆ ವಿರೋಧವೂ ಇತ್ತು. ಫ್ರಾನ್ಸಿನ ಮನೆಮಾತಾದ ಲಾ ಫೊಂತೇನ್‌ಗೆ ರಷ್ಯಾದಿಂದ ಬಂದ ಯಹೂದಿ ಕಲಾವಿದನೇಕೆ ಎಂಬ ಆಕ್ಷೇಪ ಅಲ್ಲಿಯ ಸಂಸತ್ತಿನವರೆಗೂ ಹೋಯಿತು. ಮುಂದೆ ದಾಂತೆಯ ಏಳುನೂರನೆಯ ಜನ್ಮವರ್ಷಕ್ಕೆಂದು ಅವನ ‘ಡಿವೈನ್ ಕಾಮಿಡಿ’ ಕಾವ್ಯಕ್ಕೆ ಚಿತ್ರ ಬರೆಯುವ ಕೆಲಸವನ್ನು ಇಟಲಿಯ ಸರ್ಕಾರ ಡಾಲಿಗೆ ವಹಿಸಿದಾಗ, ಸ್ಪೇನಿನವನೇಕೆ ಎಂಬ ಕೂಗು ಎದ್ದು ಸರ್ಕಾರವೇ ಹಿಂದೆ ಸರಿಯಿತು. ಡಾಲಿ ಮಾತ್ರ ನಿಲ್ಲಿಸಲಿಲ್ಲ.

ಮೊದಲು ತಿಳಿದಿರಬೇಕಾದ ಕೃತಿಗಳು ಯಾವುವು?

ನನ್ನ ಪಟ್ಟಿ ನನ್ನ ರುಚಿಯದು. ಪಿಕಾಸೊ ಓವಿಡ್‌ನ ‘ಮೆಟಮಾರ್ಫಸಿಸ್’ಗೆ ಮಾಡಿದ 30 ಎಚ್ಚಿಂಗ್‌ಗಳನ್ನು ಆಲ್ಬೆರ್ ಸ್ಕಿರಾ 1931ರಲ್ಲಿ 145 ಪ್ರತಿಗಳಲ್ಲಿ ಪ್ರಕಟಿಸಿದನು. ಅದರಲ್ಲಿ ನೆರಳಿಲ್ಲ, ಬಣ್ಣವಿಲ್ಲ, ಹಿನ್ನೆಲೆಯೂ ಹೆಚ್ಚುಕಡಿಮೆ ಇಲ್ಲ. ಕೂದಲೆಳೆಯಂಥ ಗೆರೆಯಲ್ಲಿ ಮೈಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಮರುವರ್ಷ ಅದೇ ಸ್ಕಿರಾ ಮತೀಸ್‌ನಿಂದ ಫ್ರೆಂಚ್ ಕವಿ ಮಲಾರ್ಮೆಯ ಕವಿತೆಗಳಿಗೆ 29 ಎಚ್ಚಿಂಗ್ ಮಾಡಿಸಿದನು. ಪ್ರತಿಗಳು ಅಲ್ಲಿಯೂ 145. ಶಗಾಲ್‌ನ ಗೊಗೊಲ್ 1923 ಮತ್ತು 1927ರ ನಡುವೆ ಕೆತ್ತಿದ್ದು, ಪುಟ ತುಂಬುವ 96 ಎಚ್ಚಿಂಗ್‌ಗಳು. ಊರು ಬಿಟ್ಟು ಬಂದವನು ಊರಿನ ಲಂಚಕೋರ ಗುಮಾಸ್ತರನ್ನೂ ಹೊಟ್ಟೆಬಾಕ ಜಮೀನ್ದಾರರನ್ನೂ ನೆನೆದು ನಕ್ಕ ನಗೆ ಅದು. 1927ರಲ್ಲಿ ಒಂದು ಪೂರ್ಣ ಕಟ್ಟನ್ನು ಅವನು ಮಾಸ್ಕೋದ ತ್ರೆತ್ಯಾಕೊವ್ ಗ್ಯಾಲರಿಗೆ ಕಳಿಸಿಕೊಟ್ಟನು. ಬಣ್ಣ ಬೇಕೆನ್ನುವವರು ಅವನದೇ ‘ಡಾಫ್ನಿಸ್ ಅಂಡ್ ಕ್ಲೊಯಿ’ ನೋಡಬೇಕು. ಲಾಂಗಸ್ ಬರೆದ ಪುರಾತನ ಗ್ರೀಕ್ ಪ್ರೇಮಕಥೆಗೆ ಗ್ರೀಸ್ ದೇಶವನ್ನು ಸುತ್ತಿಬಂದ ಮೇಲೆ ಮಾಡಿದ 42 ವರ್ಣ ಲಿಥೋಗ್ರಾಫ್‌ಗಳು ಅವು. ಪ್ಯಾರಿಸಿನ ಮುರ್ಲೋ ಅಚ್ಚುಕೂಟದಲ್ಲಿ ಮುದ್ರಣಗೊಂಡು 1961ರಲ್ಲಿ ಬಂದವು.

ಡೇವಿಡ್ ಹಾಕ್ನಿ ಗ್ರಿಮ್ ಸಹೋದರರ ಆರು ಕಥೆಗಳಿಗೆ 39 ಎಚ್ಚಿಂಗ್ ಮಾಡಿ 1970ರಲ್ಲಿ ಪ್ರಕಟಿಸಿದನು. ಇವೆಲ್ಲಕ್ಕಿಂತ ಪ್ರತಿಗಳ ಸಂಖ್ಯೆಯಲ್ಲಿ ದೊಡ್ಡದು ಡಾಲಿಯ ದಾಂತೆ. ಅದರ ಮಾತು ಮುಂದೆ ಹಲವು ಬಾರಿ ಬರುತ್ತದೆ.

ಚಿತ್ರ ಕೊಳ್ಳುವ ಮೊದಲು ಗ್ರಂಥವನ್ನು ಓದಿರಲೇಬೇಕೇ?

ಓದಿರಬೇಕು ಎಂಬುದು ನನ್ನ ಹಟ. ಗಮಕ ವಾಚನದಲ್ಲಿ ಗಮಕಿ ಪದ್ಯವನ್ನು ಹಾಡಿ ನಿಲ್ಲಿಸಿದ ಮೇಲೆ ವ್ಯಾಖ್ಯಾನಕಾರರು ಅದರ ಒಂದು ಮಾತನ್ನು ಎತ್ತಿಕೊಂಡು ಅರ್ಧ ಗಂಟೆ ಬೆಳೆಸುತ್ತಾರೆ. ಪದ್ಯ ಕೇಳದವನಿಗೆ ಆ ವ್ಯಾಖ್ಯಾನದ ರುಚಿ ಅರ್ಧ ಮಾತ್ರ ಸಿಗುತ್ತದೆ. ಈ ಚಿತ್ರಗಳೂ ಅಂಥ ವ್ಯಾಖ್ಯಾನಗಳೇ. ದಾಂತೆಯ ಕಾವ್ಯ ಕಗ್ಗಾಡಿನಲ್ಲಿ ದಾರಿ ತಪ್ಪುವುದರಿಂದ ಶುರುವಾಗುತ್ತದೆ, ಡಾಲಿಯ ಮೊದಲ ಹಾಳೆಯಲ್ಲಿ ಕಣ್ಣಿಗೆ ಬೀಳುವುದು ತೆರೆದ ಬಯಲು ಮತ್ತು ಒಬ್ಬಂಟಿ ಮನುಷ್ಯ. ಮೊದಲ ಸಾಲು ಗೊತ್ತಿದ್ದವನಿಗೆ ಮಾತ್ರ ಆ ಬಯಲು ಬೆಚ್ಚಿಬೀಳಿಸುತ್ತದೆ.

ಕಲಾವಿದನೇ ಓದದಿದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಸ್ವಾರಸ್ಯದ ನಿದರ್ಶನವಿದೆ. ಅಮೆರಿಕದ ಲಿಮಿಟೆಡ್ ಎಡಿಶನ್ಸ್ ಕ್ಲಬ್ 1935ರಲ್ಲಿ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ಗೆ ಮತೀಸ್‌ನಿಂದ ಎಚ್ಚಿಂಗ್ ಮಾಡಿಸಿತು. ಕಥೆ ನಡೆಯುವುದು ಡಬ್ಲಿನ್ ನಗರದಲ್ಲಿ, ಹೆಸರು ಮಾತ್ರ ಹೋಮರನ ನಾಯಕ ಒಡಿಸಿಯಸ್‌ನದು. ಮತೀಸ್ ಡಬ್ಲಿನ್ನಿನ ಗೊಡವೆಗೆ ಹೋಗದೆ ನೇರವಾಗಿ ಹೋಮರನ ‘ಒಡಿಸ್ಸಿ’ಯ ಪ್ರಸಂಗಗಳನ್ನು ಬರೆದುಕೊಟ್ಟನು. 1500 ಪ್ರತಿಗಳಿಗೂ ಮತೀಸ್ ಸಹಿ ಹಾಕಿದ್ದಾನೆ, 250ಕ್ಕೆ ಮಾತ್ರ ಜಾಯ್ಸ್ ಹಾಕಿದ್ದಾನೆ. ಹೋಮರನ ಚಿತ್ರಸಂಗ್ರಹ ಮಾಡುವವರು ಈ ಜಾಯ್ಸ್ ಪುಸ್ತಕವನ್ನು ಹುಡುಕಿಕೊಂಡು ಹೋಗುತ್ತಾರೆ.

ಪುಷ್ಪಿಕೆಯನ್ನು ನೋಡಿ ಎಂದು ಎಲ್ಲರೂ ಹೇಳುತ್ತಾರೆ. ಅದು ಏನು?

ತಾಳೆಗರಿ ಗ್ರಂಥಗಳ ಕೊನೆಯಲ್ಲಿ ಯಾವ ಸಂವತ್ಸರದಲ್ಲಿ, ಯಾವ ಊರಿನಲ್ಲಿ, ಯಾರಿಗಾಗಿ, ಯಾರು ಪ್ರತಿ ಮಾಡಿದರು ಎಂದು ಲಿಪಿಕಾರ ಬರೆದಿರುವ ಮಾತುಗಳನ್ನು ನಮ್ಮ ಸಂಪಾದಕರು ಪುಷ್ಪಿಕೆ ಎನ್ನುತ್ತಾರೆ. ಈ ಪುಸ್ತಕಗಳಲ್ಲಿಯೂ ಮೊದಲ ಅಥವಾ ಕೊನೆಯ ಪುಟದಲ್ಲಿ ಅಂಥದೇ ಒಂದು ಹೇಳಿಕೆ ಇರುತ್ತದೆ: ಒಟ್ಟು ಎಷ್ಟು ಪ್ರತಿ, ಯಾವ ಕಾಗದದ ಮೇಲೆ ಎಷ್ಟು, ತಗಡಿನ ಅಚ್ಚು ತೆಗೆದವರು ಯಾರು, ಅಕ್ಷರ ಜೋಡಿಸಿದವರು ಯಾರು, ಈ ಪ್ರತಿಯ ಸಂಖ್ಯೆ ಯಾವುದು. ಕಲಾವಿದನ ಸಹಿಯೂ ಬಹಳ ಮಟ್ಟಿಗೆ ಇಲ್ಲಿಯೇ ಇರುತ್ತದೆ, ಒಳಗಿನ ಹಾಳೆಗಳ ಮೇಲಲ್ಲ.

ಇದರಿಂದ ತಿಳಿಯುವುದು ಬಹಳ. ಪಿಕಾಸೊನ ಓವಿಡ್‌ನಲ್ಲಿ ಸಹಿ ಇರುವುದು ಪುಷ್ಪಿಕೆಯಲ್ಲಿ. ಆದ್ದರಿಂದ ಆ ಪುಸ್ತಕದಿಂದ ಬಿಡಿಸಿದ ಹಾಳೆಗೆ ಸಹಿ ಇಲ್ಲದಿರುವುದು ಕೊರತೆಯಲ್ಲ, ಅದು ಇರಬೇಕಾದದ್ದೇ ಹಾಗೆ. ಇದಕ್ಕೆ ವಿರುದ್ಧವಾಗಿ ‘ಡಾಫ್ನಿಸ್ ಅಂಡ್ ಕ್ಲೊಯಿ’ಗೆ ಪುಸ್ತಕದ 270 ಪ್ರತಿಗಳಲ್ಲದೆ, ಅಗಲವಾದ ಅಂಚು ಬಿಟ್ಟು ಸಹಿ ಹಾಕಿದ 60 ಬಿಡಿ ಕಟ್ಟುಗಳೂ ಇವೆ. ಒಂದೇ ಕಲ್ಲಿನಿಂದ ಬಂದರೂ ಎರಡರ ಬೆಲೆಗೆ ಅಜಗಜಾಂತರ. ಪುಸ್ತಕದ ಹಾಳೆಗೆ ನಡುವೆ ಮಡಿಕೆಯ ಗುರುತೋ ಕತ್ತರಿಸಿದ ಅಂಚೋ ಇದ್ದು, ಅದರ ಮೇಲೆ ಪೆನ್ಸಿಲ್ ಸಹಿಯೂ 60ರ ಸಂಖ್ಯೆಯೂ ಕಂಡರೆ ಎದ್ದು ಬನ್ನಿ.

ಸಂಖ್ಯೆಯ ಜಾಗದಲ್ಲಿ ಎಚ್.ಸಿ. ಎಂದಿದ್ದರೆ ಮಾರಾಟಕ್ಕಲ್ಲದ ಪ್ರತಿ, ಇ.ಎ. ಎಂದಿದ್ದರೆ ಕಲಾವಿದನ ಸ್ವಂತ ಪ್ರತಿ. ಎರಡೂ ಸಾಚಾ ವರ್ಗಗಳೇ. ಆದರೆ ನಕಲಿಗಾರರಿಗೂ ಇವು ಪ್ರಿಯ, ಏಕೆಂದರೆ ಲೆಕ್ಕ ಇಡುವವರು ಕಡಿಮೆ.

ಸಹಿ ಇರುವ ಹಾಳೆಯನ್ನೇ ಕೊಳ್ಳುವುದು ಸುರಕ್ಷಿತವಲ್ಲವೇ?

ಅಲ್ಲ. ಎಲ್ಲರೂ ಬೀಳುವ ಹಳ್ಳ ಇದೇ. ಡಾಲಿಯ ವಿಷಯದಲ್ಲಂತೂ ಸಹಿಯೇ ಅನುಮಾನಕ್ಕೆ ಮೊದಲ ಕಾರಣ. 1974ರಲ್ಲಿ ಅಂಡೋರಾ ಕಡೆಗೆ ಹೊರಟಿದ್ದ ಒಂದು ಸಣ್ಣ ಲಾರಿಯನ್ನು ಫ್ರೆಂಚ್ ಸುಂಕದವರು ತಡೆದಾಗ ಒಳಗೆ ಸಿಕ್ಕಿದ್ದು ಡಾಲಿ ಮೊದಲೇ ಸಹಿ ಹಾಕಿಟ್ಟ 40,000 ಖಾಲಿ ಹಾಳೆಗಳು. ಚಿತ್ರವೇ ಇಲ್ಲದ ಕಾಗದಕ್ಕೆ ಸಹಿ ಹಾಕುವ ಕಲಾವಿದನ ಸಹಿ ಏನನ್ನು ಪ್ರಮಾಣಿಸುತ್ತದೆ? ಆ ಸಹಿ ಅಸಲಿಯೇ ಇರಬಹುದು. ಅದರ ಮೇಲೆ ಆಮೇಲೆ ಯಾರೋ ಒತ್ತಿದ ಚಿತ್ರ ಮಾತ್ರ ಅವನದಲ್ಲ.

ದಾಂತೆಯ ಕಥೆ ಇನ್ನೂ ಸ್ಪಷ್ಟ. ಇಟಲಿ ಕೈಬಿಟ್ಟ ಮೇಲೆ ಪ್ಯಾರಿಸಿನ ಲೆಜ್ಯೂರ್ ಕ್ಲೇರ್ ಎಂಬ ಪ್ರಕಾಶನ ಡಾಲಿಯ ಜಲವರ್ಣಗಳನ್ನು ಅಚ್ಚಿಗೆ ಇಳಿಸುವ ಹೊಣೆ ಹೊತ್ತಿತು. ರೇಮೋ ಜಾಕೆ ಎಂಬ ಕೆತ್ತನೆಗಾರ ತನ್ನ ಸಹಾಯಕನೊಂದಿಗೆ ಸುಮಾರು 3500 ಅಚ್ಚುಗಳನ್ನು ಕೆತ್ತಿದನು; ಅಂದರೆ ಸರಾಸರಿ ಒಂದು ಚಿತ್ರಕ್ಕೆ 35 ಅಚ್ಚು, ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಕಾಗದ ಒತ್ತಿಗೆ ಹೋಗಿಬರಬೇಕು. ನರಕಕ್ಕೆ 34, ಶುದ್ಧಿಲೋಕಕ್ಕೆ 33, ಸ್ವರ್ಗಕ್ಕೆ 33, ಹೀಗೆ ಕಾವ್ಯದ ಸರ್ಗಗಳಷ್ಟೇ, ನೂರು ಚಿತ್ರಗಳು. 1960ರಿಂದ ಕೆಲವು ವರ್ಷಗಳಲ್ಲಿ ಬಂದ ಫ್ರೆಂಚ್ ಆವೃತ್ತಿಯೇ ನಾಲ್ಕು ಸಾವಿರ ಪ್ರತಿ ಮೀರಿತ್ತು, ಸಾಮಾನ್ಯ ಪ್ರತಿಗಳ ಹಾಳೆಗಳಿಗೆ ಪೆನ್ಸಿಲ್ ಸಹಿ ಇರಲಿಲ್ಲ. ಈಗ ಮಾರುಕಟ್ಟೆಯಲ್ಲಿ ಅವೇ ಹಾಳೆಗಳು ಸಹಿಯೊಂದಿಗೆ ತಿರುಗಾಡುತ್ತವೆ. ನಾನೂ ಒಮ್ಮೆ ಅಂಥದನ್ನು ಕೊಂಡೆ. ಕೆಂಪು ಪೆನ್ಸಿಲಿನ ಸಹಿಗೆಂದು ಸಹಿ ಇಲ್ಲದ ಹಾಳೆಯ ನಾಲ್ಕು ಪಟ್ಟು ಹಣ ತೆತ್ತಿದ್ದೆ. ತಿಂಗಳ ನಂತರ ತಿಳಿದವರೊಬ್ಬರು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ, ‘ಚಿತ್ರ ಒಳ್ಳೆಯದು, ಸಹಿಯನ್ನು ಮರೆತುಬಿಡಿ’ ಎಂದರು. ಇವತ್ತಿಗೂ ಅದು ನನ್ನ ಗೋಡೆಯ ಮೇಲಿದೆ, ಸಹಿಯ ಭಾಗ ಮಾತ್ರ ಮೌಂಟಿನ, ಎಂದರೆ ಚಿತ್ರದ ಸುತ್ತ ಇಡುವ ರಟ್ಟಿನ ಅಂಚಿನ, ಹಿಂದೆ ಅಡಗಿದೆ.

ಒಂದೇ ಪುಸ್ತಕದಲ್ಲಿ ಮೂಲ ಅಚ್ಚೂ ಛಾಯಾಪ್ರತಿಯೂ ಒಟ್ಟಿಗೆ ಇರಬಹುದೇ?

ಇರುತ್ತವೆ, ಮತ್ತು ವ್ಯಾಪಾರದ ಗೋಲ್‌ಮಾಲ್ ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಫ್ರೆಂಚ್ ಲೇಖಕ ಬಾಲ್ಜಾಕ್‌ನ ಒಂದು ನೀಳ್ಗತೆಗೆ ವೊಲ್ಲಾರ್ 1931ರಲ್ಲಿ ಪ್ರಕಟಿಸಿದ ಪಿಕಾಸೊ ಪುಸ್ತಕದಲ್ಲಿ 13 ಎಚ್ಚಿಂಗ್‌ಗಳು ಪಿಕಾಸೊನ ಕೈಯವು, 67 ಮರದಚ್ಚುಗಳು ಅವನ ರೇಖಾಚಿತ್ರಗಳನ್ನು ನೋಡಿ ಜಾರ್ಜ್ ಓಬೆರ್ ಕೆತ್ತಿದವು. ಎರಡೂ ಒಂದೇ ಪುಸ್ತಕದ ಅಧಿಕೃತ ಭಾಗಗಳೇ, ಆದರೆ ಬಿಡಿಯಾಗಿ ಮಾರುವಾಗ ಎರಡನ್ನೂ ಪಿಕಾಸೊ ಎಚ್ಚಿಂಗ್ ಎನ್ನುವಂತಿಲ್ಲ. ಗ್ರೀಕ್ ನಾಟಕಕಾರ ಅರಿಸ್ಟೊಫೆನೀಸನ ‘ಲೈಸಿಸ್ಟ್ರಾಟ’ಕ್ಕೆ 1934ರಲ್ಲಿ ಪಿಕಾಸೊ ಮಾಡಿದ ಎಚ್ಚಿಂಗ್ ಆರು ಮಾತ್ರ, ಉಳಿದವು ಅವನ ರೇಖಾಚಿತ್ರಗಳ ಬ್ಲಾಕ್ ಮುದ್ರಣ, ಎಂದರೆ ಫೋಟೋ ತೆಗೆದು ಲೋಹದ ಅಚ್ಚಿಗೆ ಇಳಿಸಿದವು. ಲೂಯಿಸ್ ಕ್ಯಾರಲ್‌ನ ‘ಆಲಿಸ್’ ಕಥೆಗೆ ಡಾಲಿ ಮಾಡಿದ ಪುಸ್ತಕ 1969ರಲ್ಲಿ ಬಂದಾಗ ಮುಖಚಿತ್ರವಾಗಿದ್ದ ಒಂದು ಎಚ್ಚಿಂಗಿಗೆ ಸಹಿ ಇತ್ತು. ಒಳಗಿನ ಹನ್ನೆರಡು ಚಿತ್ರಗಳು ಹೀಲಿಯೊಗ್ರವ್ಯೂರ್, ಎಂದರೆ ಛಾಯಾಯಾಂತ್ರಿಕವಾಗಿ ತಗಡಿಗೆ ಇಳಿಸಿದವು. ಅವು ಸುಂದರವಾಗಿಯೇ ಇವೆ. ಸುಂದರವಾದುದನ್ನೆಲ್ಲ ಮೂಲ ಎನ್ನುವುದಕ್ಕೆ ಬರುವುದಿಲ್ಲ, ಅಷ್ಟೆ.

ಇನ್ನೊಂದು ಭ್ರಮೆ ಮೆಲ್ವಿಲ್‌ನ ‘ಮೋಬಿ ಡಿಕ್’ ಕಾದಂಬರಿಗೆ ಅಮೆರಿಕದ ಕಲಾವಿದ ರಾಕ್‌ವೆಲ್ ಕೆಂಟ್ ಮಾಡಿದ ಚಿತ್ರಗಳ ಕುರಿತದ್ದು. ಶಿಕಾಗೋದ ಲೇಕ್‌ಸೈಡ್ ಪ್ರೆಸ್ 1930ರಲ್ಲಿ ಮೂರು ಸಂಪುಟ, ಅಲ್ಯೂಮಿನಿಯಂ ಡಬ್ಬಿ, 1000 ಪ್ರತಿ ಎಂದು ಹೊರತಂದ ಆ ಪುಸ್ತಕದ ಚಿತ್ರಗಳನ್ನು ಮರದಚ್ಚು ಎಂದು ಮಾರುವವರಿದ್ದಾರೆ. ಅವು ಶಾಯಿ ಮತ್ತು ಲೇಖನಿಯಿಂದ ಬರೆದು ಬ್ಲಾಕ್ ಮಾಡಿಸಿದವು. ಮರದಚ್ಚಿನಂತೆ ಕಾಣುವಂತೆ ಬರೆದದ್ದು ಕೆಂಟ್‌ನ ಜಾಣ್ಮೆ.

ಹಾಗಿದ್ದರೆ ಡಾಲಿ ತಾನೇ ಕೆತ್ತದ ದಾಂತೆ ಮೂಲವೇ? ಸುಂಕಪಟ್ಟಿಯ ಮಾತಿನಂತೆ ಹೋದರೆ ವಾದ ಕಷ್ಟ. ಆದರೆ ಜಪಾನಿನ ಕಲಾವಿದ ಹೊಕುಸಾಯಿಯ ಮರದಚ್ಚುಗಳನ್ನು ಕೆತ್ತಿದವರೂ ಬೇರೆ ಕುಶಲಿಗಳೇ. ನಾನು ಅದನ್ನು ಡಾಲಿ ಮತ್ತು ಜಾಕೆ ಇಬ್ಬರ ಕೃತಿ ಎಂದು ಬರೆದಿಟ್ಟುಕೊಂಡಿದ್ದೇನೆ, ಹಾಗೆಂದೇ ಬೆಲೆ ಕೊಡುತ್ತೇನೆ.

ಕೈಯಲ್ಲಿರುವ ಹಾಳೆಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಮಸೂರ, ಒಂದು ಟಾರ್ಚು, ತೊಳೆದು ಒಣಗಿಸಿದ ಕೈ, ಇಷ್ಟು ಸಾಕು. ಹಾಳೆಯನ್ನು ಮೇಜಿನ ಮೇಲೆ ಮಲಗಿಸಿ ಟಾರ್ಚನ್ನು ಪಕ್ಕದಿಂದ, ಮೇಜಿಗೆ ಸಮಾನಾಂತರವಾಗಿ ಹಿಡಿಯಿರಿ. ಎಚ್ಚಿಂಗ್ ಆಗಿದ್ದರೆ ಚಿತ್ರದ ಸುತ್ತ ಚೌಕಾಕಾರದ ತಗ್ಗು ನೆರಳು ಬಿದ್ದು ಎದ್ದು ಕಾಣುತ್ತದೆ. ಒತ್ತುಯಂತ್ರದಲ್ಲಿ ತಗಡಿನ ಅಂಚು ಒದ್ದೆ ಕಾಗದವನ್ನು ಅದುಮಿದ ಗುರುತು ಅದು. ಮಸೂರದಲ್ಲಿ ನೋಡಿದರೆ ಗೆರೆ ಕಾಗದದ ಮೇಲೆ ಬಳಿದಂತಿರದೆ, ಹೊಲದ ಬದುವಿನಂತೆ ಕೊಂಚ ಉಬ್ಬಿ ನಿಂತಿರುತ್ತದೆ, ಏಕೆಂದರೆ ಶಾಯಿ ಬಂದದ್ದು ತಗಡಿನ ಗೀರಿನೊಳಗಿಂದ.

ಕಲ್ಲಚ್ಚಿನಲ್ಲಿ ಈ ತಗ್ಗು ಇಲ್ಲ. ಅಲ್ಲಿ ಬಳಪದ ಗೆರೆ ಕಲ್ಲಿನ ಕಣಗಳಿಗೆ ತಕ್ಕಂತೆ ಒಡೆದು, ರವೆ ಚೆಲ್ಲಿದ ಹಾಗೆ ಅಡ್ಡಾದಿಡ್ಡಿ ಕಾಣಬೇಕು. ಅದರ ಬದಲು ನಾಲ್ಕು ಬಣ್ಣದ ಸಣ್ಣ ಚುಕ್ಕೆಗಳು ಸಾಲಾಗಿ, ರಂಗೋಲಿಯ ಚುಕ್ಕಿಯಂತೆ ಕ್ರಮಬದ್ಧವಾಗಿ ಕಂಡರೆ ಅದು ಆಫ್‌ಸೆಟ್. ಕ್ಯಾಲೆಂಡರಿನ ಚಿತ್ರಕ್ಕೂ ಅದಕ್ಕೂ ಮುದ್ರಣದಲ್ಲಿ ಅಂತರವಿಲ್ಲ. ಕೊನೆಗೆ ಹಾಳೆಯನ್ನು ಬೆಳಕಿಗೆ ಹಿಡಿದು ನೀರಚ್ಚು ಹುಡುಕಿ. ಆರ್ಶ್, ರೀವ್ ಮೊದಲಾದ ಗಿರಣಿಗಳ ಹೆಸರು ಕಾಗದದೊಳಗೇ ಇರುತ್ತದೆ, ಪುಷ್ಪಿಕೆ ಹೇಳಿದ ಕಾಗದಕ್ಕೂ ಅದಕ್ಕೂ ತಾಳೆಯಾಗಬೇಕು. ಡಾಲಿಯ ದಾಂತೆ ರೀವ್ ಕಾಗದದ್ದು, ಹಾಳೆ ಸುಮಾರು 33 × 26 ಸೆಂ.ಮೀ.; ಅಂಚು ಕತ್ತರಿಸಿದ್ದರೆ ಅಳತೆಯೇ ಹೇಳಿಬಿಡುತ್ತದೆ.

ಇದಾದ ಮೇಲೆ ಸಮಗ್ರ ಸೂಚಿ, ಎಂದರೆ ಒಬ್ಬ ಕಲಾವಿದನ ಅಚ್ಚುಚಿತ್ರಗಳನ್ನೆಲ್ಲ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ ಗ್ರಂಥ, ನೋಡಬೇಕು. ಪಿಕಾಸೊಗೆ ಜಾರ್ಜ್ ಬ್ಲೋಕ್ ಮತ್ತು ಬೇರ್, ಶಗಾಲ್‌ನ ಲಿಥೋಗಳಿಗೆ ಮುರ್ಲೋ, ಡಾಲಿಗೆ ಮಿಶ್ಲರ್–ಲೋಪ್ಸಿಂಗರ್ ಮತ್ತು ಫೀಲ್ಡ್ ಸೂಚಿಗಳು ಬಳಕೆಯಲ್ಲಿವೆ. ಮಾರುವವರು ಸೂಚಿಯ ಸಂಖ್ಯೆ ಕೊಡದಿದ್ದರೆ ಕೇಳಿ. ಕೇಳಿದರೂ ಕೊಡದಿದ್ದರೆ ಬಿಡಿ.

ಪುಸ್ತಕವನ್ನು ಬಿಡಿಸಿ ಹಾಳೆ ಮಾರುವುದು ಪಾಪವಲ್ಲವೇ?

ಹೊಲಿದು ಬೈಂಡ್ ಮಾಡಿದ ಪುಸ್ತಕವನ್ನು ಹರಿಯುವುದು ನನಗೆ ಸಹಿಸದು. ಆದರೆ ಈ ಪುಸ್ತಕಗಳಲ್ಲಿ ಹಲವು ಹುಟ್ಟುವಾಗಲೇ ಬಿಡಿ ಹಾಳೆಗಳಾಗಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟು ಬಂದವು. ಅವುಗಳಿಂದ ಒಂದು ಹಾಳೆ ತೆಗೆಯಲು ಕತ್ತರಿ ಬೇಕಿಲ್ಲ. ಡಾಲಿಯ ದಾಂತೆಯಂಥ ದೊಡ್ಡ ಆವೃತ್ತಿಯ ಪ್ರತಿಗಳು ಚದುರಿಹೋಗಿರುವುದರಿಂದಲೇ ನನ್ನಂಥವರಿಗೆ ಒಂದೊಂದು ಹಾಳೆ ಸಿಕ್ಕಿತು ಎಂಬುದನ್ನೂ ಮುಚ್ಚಿಡಲಾರೆ. 145 ಪ್ರತಿಗಳ ಪುಸ್ತಕವೊಂದು ಇಡಿಯಾಗಿ ಸಿಕ್ಕಿದರೆ ಮಾತ್ರ ಅದನ್ನು ಒಡೆಯಬೇಡಿ. ಹಾಳೆಯನ್ನೇ ಕೊಳ್ಳುವುದಾದರೆ, ಎದುರಿನ ಪಠ್ಯದ ಪುಟವೂ ಇದೆಯೇ ಎಂದು ಕೇಳಿ. ಅನೇಕ ಬಾರಿ ವ್ಯಾಪಾರಿಗಳು ಅದನ್ನು ಎಸೆಯಲಿಕ್ಕೆ ಇಟ್ಟಿರುತ್ತಾರೆ, ಪುಕ್ಕಟೆ ಕೊಡುತ್ತಾರೆ.

ಕಡಿಮೆ ಹಣದಲ್ಲಿ ಎಲ್ಲಿಂದ ಆರಂಭಿಸಬಹುದು?

ಸಹಿ ಇಲ್ಲದವುಗಳಿಂದ. ಡಾಲಿಯ ದಾಂತೆಯ ಸಹಿರಹಿತ ಹಾಳೆಗಳು ಮೊದಲ ಮೆಟ್ಟಿಲು. ಎರಡನೆಯದು, ತೆರಿಯಾದ್ ನಡೆಸುತ್ತಿದ್ದ ‘ವೆರ್ವ್’ ಎಂಬ ಕಲಾಪತ್ರಿಕೆಯ 1956ರ ಬೈಬಲ್ ಸಂಚಿಕೆ. ಅದರಲ್ಲಿ ಶಗಾಲ್‌ನ ವರ್ಣ ಲಿಥೋಗ್ರಾಫ್‌ಗಳು ಮುರ್ಲೋ ಅಚ್ಚುಕೂಟದಲ್ಲಿ ಕಲ್ಲಿನಿಂದಲೇ ಅಚ್ಚಾದವು, ಸಹಿಯಿಲ್ಲ, ಪತ್ರಿಕೆಯಾದ್ದರಿಂದ ಪ್ರತಿಗಳು ಹೆಚ್ಚು. ಎಚ್ಚರಿಕೆ ಒಂದೇ: ಅದೇ ಸಂಚಿಕೆಯಲ್ಲಿ ಬೈಬಲಿನ 105 ಎಚ್ಚಿಂಗ್‌ಗಳ ಹೀಲಿಯೊಗ್ರವ್ಯೂರ್ ಪ್ರತಿಗಳೂ ಇವೆ, ಅವನ್ನು ಶಗಾಲ್ ಎಚ್ಚಿಂಗ್ ಎಂದು ಚೌಕಟ್ಟು ಹಾಕಿ ಮಾರುವವರಿಗೆ ಬರವಿಲ್ಲ.

ವಿದೇಶದಿಂದ ತರಿಸುವಾಗ ಏನು ಗಮನಿಸಬೇಕು?

ಬಿಲ್ಲಿನ ಮೇಲೆ ವಸ್ತುವಿನ ವಿವರ ಸರಿಯಾಗಿರಬೇಕು. ಮೂಲ ಎಚ್ಚಿಂಗ್, ಲಿಥೋಗ್ರಾಫ್ 9702ರ ಅಡಿ ಬರುತ್ತವೆ; ಛಾಯಾಮುದ್ರಿತ ಚಿತ್ರಗಳು 4911ರ ಅಡಿ ಬರುತ್ತವೆ. ಮಾರುವವರು ಉದಾಸೀನದಿಂದ ‘ಪೋಸ್ಟರ್’ ಎಂದು ಬರೆದು ಕಳಿಸಿದರೆ, ಬೆಲೆ ನೋಡಿ ಅಧಿಕಾರಿಗಳು ಪ್ರಶ್ನೆ ಕೇಳುವುದು ಸಹಜ. ದರಗಳು ಬದಲಾಗುತ್ತಿರುವುದರಿಂದ ಹಣ ಕಟ್ಟುವ ಮೊದಲೇ ಕೊರಿಯರ್ ಸಂಸ್ಥೆಯಿಂದ ಸುಂಕ ಮತ್ತು ಜಿಎಸ್‌ಟಿಯ ಲೆಕ್ಕ ಬರೆಸಿಕೊಳ್ಳಿ. ಹಾಳೆಯನ್ನು ಕೊಳವೆಯಲ್ಲಿ ಸುತ್ತಿ ಕಳಿಸಬಾರದೆಂದು ತಿಳಿಸಿ. ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಬರಬೇಕು. ಮನೆಯವರು ವಿದೇಶದಲ್ಲಿದ್ದರೆ ಸೂಟ್‌ಕೇಸಿನ ತಳದಲ್ಲಿ ತರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ತಂದರೂ ಘೋಷಿಸುವುದು ತಪ್ಪುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಇವು ಉಳಿಯುತ್ತವೆಯೇ?

ಬೆಂಗಳೂರು, ಮೈಸೂರಿನಲ್ಲಿ ಅಷ್ಟು ಕಷ್ಟವಿಲ್ಲ. ಮಂಗಳೂರು, ಕಾರವಾರ, ಮಲೆನಾಡುಗಳಲ್ಲಿ ಆಷಾಢ ಶ್ರಾವಣ ಎಂದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಕಾಲ. ಗಾಳಿಯ ತೇವಾಂಶ ಶೇಕಡಾ 50ರ ಆಸುಪಾಸಿನಲ್ಲಿದ್ದರೆ ಕಾಗದ ಸುಖವಾಗಿರುತ್ತದೆ. 65 ದಾಟಿದರೆ ಕಂದು ಚುಕ್ಕೆ ಏಳುವ ಭಯ. ಅಗ್ಗದ ತೇವಮಾಪಕವೊಂದನ್ನು ಬೀರುವಿನಲ್ಲಿಡಿ, ಸಿಲಿಕಾ ಜೆಲ್ ಪೊಟ್ಟಣಗಳನ್ನು ತಿಂಗಳಿಗೊಮ್ಮೆ ಬಿಸಿ ಮಾಡಿ ಮರುಬಳಸಿ. ಹೊರಗೋಡೆಗೆ, ಬಚ್ಚಲುಮನೆಯ ಗೋಡೆಗೆ ತೂಗುಹಾಕಬೇಡಿ. ಬಿಸಿಲು ಬೀಳುವ ಗೋಡೆಯಂತೂ ಬೇಡವೇ ಬೇಡ; ಕಾಗದದ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಇಡುವ ಬೆಳಕು 50 ಲಕ್ಸ್ ಮಾತ್ರ, ಅಂದರೆ ನಮ್ಮ ಹಜಾರದ ಸಂಜೆಯ ಮಬ್ಬು.

ಕಟ್ಟು ಹಾಕಿಸುವುದು ಇನ್ನೊಂದು ಗಂಡಾಂತರ. ನನ್ನ ಮೊದಲ ಎಚ್ಚಿಂಗನ್ನು ಬಡಾವಣೆಯ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅವರು ಬಲು ಪ್ರೀತಿಯಿಂದ, ಹಾಳೆ ಸುಕ್ಕಾಗಬಾರದೆಂದು, ಹಿಂಬದಿಗೆ ಪೂರ್ತಿ ಗೋಂದು ಬಳಿದು ಪ್ಲೈವುಡ್‌ಗೆ ಅಂಟಿಸಿ, ಅಂಚಿಗೆ ಸೆಲ್ಲೋಟೇಪ್ ಹಾಕಿ ಕೊಟ್ಟರು. ಅಷ್ಟೇ ಅಲ್ಲ, ಚೌಕಟ್ಟಿನ ಅಳತೆಗೆ ಸರಿಹೋಗಲೆಂದು ಅಂಚನ್ನು ಬೇರೆ ಕತ್ತರಿಸಿದ್ದರು. ಅವರ ತಪ್ಪಲ್ಲ, ಹೇಳಬೇಕಾದದ್ದನ್ನು ನಾನು ಹೇಳಿರಲಿಲ್ಲ. ಹೇಳಬೇಕಾದದ್ದು ಇಷ್ಟು: ಆಮ್ಲರಹಿತ ರಟ್ಟಿನ ಮೌಂಟು, ಹಾಳೆಯ ಮೇಲಂಚಿಗೆ ಮಾತ್ರ ಜಪಾನೀ ಕಾಗದದ ಎರಡು ಪಟ್ಟಿ, ಅದಕ್ಕೆ ಗೋಧಿ ಪಿಷ್ಟದ ಅಂಟು, ಗಾಜಿಗೂ ಹಾಳೆಗೂ ನಡುವೆ ಬೆರಳಿನಷ್ಟು ಅಲ್ಲದಿದ್ದರೂ ಮೌಂಟಿನ ದಪ್ಪದಷ್ಟಾದರೂ ಅಂತರ. ಮನೆಯಲ್ಲಿ ಕಾಯಿಸುವ ಮೈದಾ ಅಂಟು ಇದಕ್ಕೆ ಆಗುವುದಿಲ್ಲ. ಮೈದಾದಲ್ಲಿ ಗ್ಲುಟನ್ ಉಳಿದಿರುತ್ತದೆ, ಹುಳುಗಳಿಗೆ ಅದು ಹಬ್ಬದೂಟ.

ಕೊಳ್ಳುವ ಮೊದಲು ಕಣ್ಣಾರೆ ನೋಡುವುದು ಎಲ್ಲಿ?

ಲಂಡನ್ನಿನಲ್ಲಿರುವ ಕನ್ನಡಿಗರು ಪುಣ್ಯವಂತರು. ಬ್ರಿಟಿಷ್ ಮ್ಯೂಸಿಯಂನ ಅಚ್ಚುಚಿತ್ರ ವಿಭಾಗದ ಅಧ್ಯಯನ ಕೊಠಡಿಯಲ್ಲಿ ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡರೆ ಕೇಳಿದ ಹಾಳೆಯನ್ನು ಮೇಜಿನ ಮೇಲೆ ತಂದಿಡುತ್ತಾರೆ, ಶುಲ್ಕವಿಲ್ಲ. ಫ್ರಾನ್ಸಿಗೆ ಹೋಗುವವರು ನೀಸ್ ನಗರದ ಶಗಾಲ್ ಸಂಗ್ರಹಾಲಯವನ್ನೂ, ತೆರಿಯಾದ್‌ನ ಪುಸ್ತಕಗಳಿರುವ ಲ ಕಾತೋ ಕಾಂಬ್ರೆಸಿಯ ಮತೀಸ್ ಸಂಗ್ರಹಾಲಯವನ್ನೂ ನೋಡಬಹುದು. ಊರಿನಲ್ಲಿರುವವರಿಗೆ ನನ್ನ ಸಲಹೆ ಬೇರೆ: ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲೋ ಮೈಸೂರಿನ ಕಾವಾ ಕಲಾಶಾಲೆಯಲ್ಲೋ ಗ್ರಾಫಿಕ್ಸ್, ಎಂದರೆ ಅಚ್ಚುಕಲೆ, ಕಲಿಯುವ ವಿದ್ಯಾರ್ಥಿಯ ಪರಿಚಯ ಮಾಡಿಕೊಂಡು, ತಗಡಿಗೆ ಶಾಯಿ ತುಂಬಿ ಒರೆಸಿ ಒತ್ತುಯಂತ್ರದಿಂದ ಹಾಳೆ ಎತ್ತುವುದನ್ನು ಒಂದು ಸಲ ನೋಡಿ. ಆಮೇಲೆ ಮಸೂರ ಹಿಡಿದಾಗ ಏನು ಹುಡುಕಬೇಕೆಂಬುದು ಕಣ್ಣಿಗೇ ಗೊತ್ತಿರುತ್ತದೆ.

ನಮ್ಮ ಕಾವ್ಯಗಳಿಗೆ ಇಂಥ ಅಚ್ಚುಚಿತ್ರಗಳಿಲ್ಲವೇ?

ಎಲ್ಲರೂ ಮೊದಲು ಹೆಸರಿಸುವುದು ರಾಜಾ ರವಿವರ್ಮನನ್ನು. 1894ರಲ್ಲಿ ಮುಂಬಯಿಯ ಘಾಟ್ಕೋಪರ್‌ನಲ್ಲಿ ಆರಂಭವಾಗಿ ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋದ ಅವನ ಮುದ್ರಣಾಲಯ ಶಕುಂತಲೆಯನ್ನೂ ದಮಯಂತಿಯನ್ನೂ ನಮ್ಮ ಅಜ್ಜಿಯರ ನಡುಮನೆಗೆ ತಂದಿತು. ಆದರೆ ಅವು ತೈಲಚಿತ್ರಗಳನ್ನು ನೋಡಿ ಜರ್ಮನ್ ಕುಶಲಿಗಳು ಕಲ್ಲಿಗೆ ಇಳಿಸಿದ ಬಹುವರ್ಣದ ಕಲ್ಲಚ್ಚುಗಳು. ಮೂಲ ಎಂಬ ಕಟ್ಟುನಿಟ್ಟಿನ ಮಾತಿಗೆ ಅವು ಡಾಲಿಯ ದಾಂತೆಯಷ್ಟೇ ಹತ್ತಿರ, ಅಷ್ಟೇ ದೂರ. ಮನೆಯ ಹೆಂಗಸರು ಸೀರೆಗೆ ಜರಿ, ಚಮಕಿ ಹೊಲಿದು ಅಲಂಕರಿಸಿದ ಪ್ರತಿಗಳು ಸಿಕ್ಕಿದರೆ ಜರಿ ಕೀಳಬೇಡಿ. ಇನ್ನು ಆಧುನಿಕರ ಮಾತಿಗೆ ಬಂದರೆ, ಪಂಪನಿಗೋ ಕುಮಾರವ್ಯಾಸನಿಗೋ ಒಬ್ಬ ವೊಲ್ಲಾರ್ ಸಿಗಲಿಲ್ಲವೆಂಬ ಕೊರಗು ನನಗಿದೆ.

ಇದು ಲಾಭದ ಹೂಡಿಕೆಯೇ?

ಅಲ್ಲ. ಕೊಂಡ ಬೆಲೆಗೆ ಮಾರಿದರೂ ಹರಾಜಿನವರ ದಲ್ಲಾಳಿ ಕಳೆದು ನಷ್ಟವೇ ಉಳಿಯುತ್ತದೆ.

ನನ್ನ ಬಳಿಯಿರುವ ಚಿತ್ರವನ್ನು ಪುಸ್ತಕದ ಮುಖಪುಟಕ್ಕೆ ಬಳಸಬಹುದೇ?

ಹಾಳೆ ನಿಮ್ಮದು, ಹಕ್ಕು ನಿಮ್ಮದಲ್ಲ. ಭಾರತದಲ್ಲಿ ಕಲಾವಿದ ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮತೀಸ್ ತೀರಿದ್ದು 1954ರಲ್ಲಿ, ಆದ್ದರಿಂದ ಇಲ್ಲಿ ಅವನ ಕೃತಿಗಳ ಅವಧಿ ಮುಗಿದಿದೆ. ಪಿಕಾಸೊ 1973, ಶಗಾಲ್ 1985, ಡಾಲಿ 1989. ಇವರ ಕೃತಿಗಳಿಗೆ ಅನುಮತಿ ಬೇಕು.

ಸಂಗ್ರಹದ ಲೆಕ್ಕವನ್ನು ಹೇಗೆ ಬರೆದಿಡಬೇಕು?

ಹಾಳೆಯ ಹಿಂಬದಿಯಲ್ಲಿ ಏನನ್ನೂ ಬರೆಯಬೇಡಿ, ಪೆನ್ಸಿಲಿನಲ್ಲಿ ಕೂಡ. ಒಂದು ನೋಟ್‌ಬುಕ್ ಇಡಿ. ಪ್ರತಿ ಚಿತ್ರಕ್ಕೂ ಒಂದು ಪುಟ: ಗ್ರಂಥ ಮತ್ತು ಸರ್ಗ, ಪ್ರಕಾಶಕ, ವರ್ಷ, ಸೂಚಿಯ ಸಂಖ್ಯೆ, ಕಾಗದ, ಅಳತೆ, ಕಲೆ ಮಡಿಕೆಗಳ ವಿವರ, ಯಾರಿಂದ ಎಷ್ಟಕ್ಕೆ ಕೊಂಡದ್ದು, ಅದರ ಬಿಲ್ಲಿನ ಪ್ರತಿ. ನಾನು ಕೊನೆಯಲ್ಲಿ ಇನ್ನೊಂದನ್ನು ಸೇರಿಸುತ್ತೇನೆ, ಆ ಚಿತ್ರ ಹುಟ್ಟಿದ ಸಾಲನ್ನು ಕನ್ನಡದಲ್ಲಿ ನನಗೆ ತೋಚಿದಂತೆ ಬರೆದಿಡುತ್ತೇನೆ. ಸಹಿಗಾಗಿ ಮೋಸಹೋದ ಆ ಹಾಳೆಯ ಪುಟದಲ್ಲಿ ಬೆಲೆಯ ಎದುರು ಎರಡು ಅಂಕಿಗಳಿವೆ, ಕೊಟ್ಟದ್ದು ಒಂದು, ಕೊಡಬೇಕಾಗಿದ್ದದ್ದು ಒಂದು. ಸಾಲಿನ ಜಾಗದಲ್ಲಿ ನಾಲ್ಕು ಬಾರಿ ಹೊಡೆದುಹಾಕಿ ಐದನೆಯ ಬಾರಿ ಬರೆದ ಅನುವಾದವಿದೆ.